ಬಿಸಿ ಹೊಂಡ, ಕೆಂಪು ಮಣ್ಣು

ಮಾರ್ಚ್ ೪, ಸಂಜೆ

ಇವತ್ತೂ ಮೂರನೆಯ ಹೊಂಡ. ಅಂಚಿನಲ್ಲಿ ಒಣಗಿದ ಕೆಸರಿನ ಪದರ ಕೆರೆದು ಸೀಸೆಗಳಿಗೆ ತುಂಬಿದ್ದು, ಲೇಬಲ್ ಹಚ್ಚಿದ್ದು, ಬೂಟು ತೊಳೆದದ್ದು. ಇಷ್ಟಕ್ಕೆ ದಿನ ಕಳೆಯಿತು. ಕೂದಲನ್ನು ಎಷ್ಟು ತಿಕ್ಕಿದರೂ ಗಂಧಕದ ವಾಸನೆ ಹೋಗುವುದಿಲ್ಲ. ತಿರುವಿನ ಅಂಗಡಿಯವನು ನನ್ನ ಮುಖ ನೋಡುವ ಮೊದಲೇ "ಕೆಸರು ಮೇಡಂ ಬಂದ್ರು" ಅನ್ನುತ್ತಾನೆ. ಮೂಗಿಗೇ ಗೊತ್ತಾಗುತ್ತದಂತೆ.

ಪ್ರೊಫೆಸರ್ ಫೋನ್ ಮಾಡಿದ್ದರು. "ನಮ್ಮ ಹೊಂಡ ಹೇಗಿದೆ?" ಎಂದು ಕೇಳಿದರು. ನಾನು ಹೇಗಿದ್ದೇನೆ ಎಂದಲ್ಲ. ತಪ್ಪೇನಿಲ್ಲ, ಸಂಬಳ ಹೊಂಡಕ್ಕಾಗಿಯೇ. ಭೂಮಿಯ ಮೊದಲ ಜೀವ ಹುಟ್ಟಿದ್ದು ಸಮುದ್ರದಲ್ಲಲ್ಲ, ಜ್ವಾಲಾಮುಖಿಯ ಮಗ್ಗುಲಲ್ಲಿರುವ ಇಂಥ ಬಿಸಿ ಹೊಂಡದ ಅಂಚಿನಲ್ಲಿ, ಒಣಗಿ, ನೆನೆದು, ಮತ್ತೆ ಒಣಗಿ — ಇದು ಅವರ ವಾದ. ಅದಕ್ಕೆ ಸಾಕ್ಷಿ ಹುಡುಕುವುದು ನನ್ನ ಕೆಲಸ. ಕೆಸರಿನಲ್ಲಿ ಸೋಪಿನ ಗುಳ್ಳೆಯಂಥ ಸಣ್ಣ ಚೀಲಗಳು ತಾವಾಗಿಯೇ ಕಟ್ಟಿಕೊಳ್ಳುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ಅವು ಒಂದನ್ನೊಂದು ಸೇರುವುದನ್ನು ನೋಡುತ್ತ ಎಷ್ಟೋ ಸಂಜೆ ಕಳೆದಿದ್ದೇನೆ. ಜೀವವಲ್ಲ ಅದು. ಜೀವಕ್ಕೆ ಬೇಕಾದ ಗೋಡೆ, ಅಷ್ಟೇ.

ರೂಮಿನಲ್ಲಿ ನಾನು, ಸ್ಟೌ, ಕಿಟಕಿಯ ತುಂಬ ಬೆಟ್ಟ. ಅದು ಹೊಗೆ ಬಿಡುತ್ತದೆ, ನಾನು ಚಹಾ ಕಾಯಿಸುತ್ತೇನೆ. ಇಬ್ಬರಿಗೂ ಮಾತಿಲ್ಲ.

ಮಾರ್ಚ್ ೮, ಭಾನುವಾರ

ಅಣ್ಣನ ಫೋನ್. ಊಟ ಆಯ್ತಾ, ಆಯ್ತು. ಚಳಿ ಇದೆಯಾ, ಇದೆ. ಅತ್ತಿಗೆ ಹಿಂದಿನಿಂದ ಏನೋ ಹೇಳಿದರು. "ಅವಳಿಗ್ಯಾಕೆ ಬಿಡೇ ಅದೆಲ್ಲ" ಎಂದು ಅಣ್ಣ ಅಂದದ್ದು ಕೇಳಿಸಿತು. ಬಹುಶಃ ನನ್ನವರ — ನನ್ನವರಾಗಿದ್ದವರ — ಸುದ್ದಿ. ಮತ್ತೆ ಮದುವೆಯಾಗಿರಬೇಕು. ಆಗಲಿ. ನಾವು ಜಗಳವಾಡಿ ಬಿಟ್ಟವರಲ್ಲ. ಒಂದು ದಿನ ಊಟಕ್ಕೆ ಕೂತಾಗ, ಹೇಳುವುದಕ್ಕೆ ಏನೂ ಉಳಿದಿಲ್ಲವೆಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ನಮ್ಮ ಸಂಸಾರದಲ್ಲಿ ಒಟ್ಟಿಗೆ ಹೊಳೆದದ್ದು ಅದೊಂದೇ.

ನಲವತ್ತೆಂಟು ನನಗೆ. ಅಣ್ಣ ಇಟ್ಟ ಮೇಲೂ ಫೋನನ್ನು ಕಿವಿಗೆ ಹಿಡಿದೇ ಸ್ವಲ್ಪ ಹೊತ್ತು ಕೂತಿದ್ದೆ.

ಮಾರ್ಚ್ ೧೩

ರೂಮು ಬಾಡಿಗೆಗೆ ಕೊಟ್ಟಿರುವ ಮನೆಯಾಕೆಯನ್ನು ಕೇಳಿಯೇ ಬಿಟ್ಟೆ. "ಹಿಂದಿನ ಕೋಣೇಲಿ ಯಾರಿದ್ದಾರೆ?"

"ಯಾರೂ ಇಲ್ವಲ್ಲ. ಅದು ಸಾಮಾನು ಕೋಣೆ."

ಸಾಮಾನು ಕೆಮ್ಮುತ್ತದೆಯೇ? ನನ್ನ ಗೋಡೆಯ ಆಚೆಗೆ ಅದು. ಒಮ್ಮೊಮ್ಮೆ ಯಾರೋ ಗುನುಗುವುದು ಕೇಳಿಸುತ್ತದೆ. ಒಂದು ವಾಸನೆಯೂ ಇದೆ, ನನ್ನದಲ್ಲದ್ದು. ಮನೆಯಾಕೆಯ ಗಂಡ ಲಾರಿ ಡ್ರೈವರ್, ತಿಂಗಳಲ್ಲಿ ಹೆಚ್ಚು ದಿನ ರಸ್ತೆಯ ಮೇಲೆ. ಮನೆಯಲ್ಲಿ ಅವಳು, ಮದುವೆಯ ವಯಸ್ಸಿಗೆ ಬಂದ ಮಗಳು. ಎರಡೇ ಜನ ಎಂದುಕೊಂಡಿದ್ದೆ.

ಮಾರ್ಚ್ ೧೫, ಭಾನುವಾರ

ತಾಯಿ ಮಗಳು ಇಬ್ಬರೂ, ಮಗಳಿಗೆ ನೋಡಿರುವ ಗಂಡಿನ ಮನೆಗೆ ಹೋಗಿದ್ದರು. ಮಧ್ಯಾಹ್ನ ಗೋಡೆಯಾಚೆಯಿಂದ ಒಂದು ನರಳಾಟ. ಆಮೇಲೆ "ನೀರು" ಅಂದಂತೆ. ಹಿತ್ತಲಿನಿಂದ ಸುತ್ತಿ ಹೋದೆ. ಹೊರಗಿನಿಂದ ಚಿಲಕ ಹಾಕಿತ್ತು. ತೆಗೆದೆ.

ಅರವತ್ತರ ಹೆಂಗಸು. ಜ್ವರ ಸುಡುತ್ತಿತ್ತು. ಕಂಬಳಿ ಕಾಲಿನಿಂದ ಜಾರಿತ್ತು. ಮೊಣಕಾಲಿನ ಕೆಳಗೆ ಎರಡೂ ಕಾಲು ಊದಿ, ಚರ್ಮ ಹಳೆಯ ಮರದ ಬುಡದ ಹಾಗೆ ಗಂಟುಗಂಟಾಗಿ, ಬೆರಳುಗಳು ಎಲ್ಲಿ ಮುಗಿಯುತ್ತವೆಂದು ತಿಳಿಯದ ಹಾಗೆ. ಎಡಗಾಲು ಹೆಚ್ಚು. ಸಂದುಗಳಲ್ಲಿ ರಸ ಒಸರುತ್ತಿತ್ತು.

ಅವರು ಮೊದಲು ಮಾಡಿದ್ದು ಕಂಬಳಿ ಎಳೆದುಕೊಂಡದ್ದು. "ಬಾಗಿಲು ಹಾಕ್ಕೊಂಡು ಹೋಗಿ. ವಾಸನೆ ನಿಮ್ಮ ರೂಮಿಗೆ ಬರತ್ತೆ."

"ನಾನು ದಿನಾ ಕೊಳೆತ ಮೊಟ್ಟೆ ವಾಸನೇಲೇ ಕೆಲಸ ಮಾಡೋದು. ನನ್ನ ಮೂಗು ಯಾವತ್ತೋ ಸತ್ತಿದೆ."

ನಕ್ಕರು. ಜ್ವರದಲ್ಲೂ. ನೀರು ಕುಡಿಸಿದೆ, ಹಣೆಗೆ ಒದ್ದೆ ಬಟ್ಟೆ ಇಟ್ಟೆ. ನನ್ನ ಕೈ ಹಿಡಿದುಕೊಂಡರು, ಆಮೇಲೆ ಏನೋ ನೆನಪಾದಂತೆ ಬಿಟ್ಟುಬಿಟ್ಟರು. "ಮುಟ್ಟಬಾರದಾಗಿತ್ತು" ಅಂದರು.

ಲಾರಿ ಡ್ರೈವರನ ಅಕ್ಕ. ಮನೆಯಾಕೆಗೆ ಅತ್ತಿಗೆ. ಈ ಕೋಣೆಗೆ ಬಂದು ಎಷ್ಟು ವರ್ಷವಾಯಿತೆಂದು ಕೇಳಿದೆ. "ತಮ್ಮನ ಮಗಳು ನಡೆಯೋದು ಕಲಿತಾಗಿನಿಂದ" ಅಂದರು. ಆ ಹುಡುಗಿಗೆ ಈಗ ಮದುವೆಯ ಮಾತುಕತೆ.

ಮಾರ್ಚ್ ೧೬

ಕ್ಲಿನಿಕ್ಕಿನ ನರ್ಸ್ ಹತ್ತಿರ ಹೋದೆ. ಹೆಸರಿಗೆ ಕ್ಲಿನಿಕ್, ಎರಡು ಕೋಣೆ, ಒಂದು ನಲ್ಲಿ. ಡಾಕ್ಟರ್ ವಾರಕ್ಕೊಮ್ಮೆ ಬರುತ್ತಾರೆ, ಬರದಿದ್ದರೂ ಯಾರೂ ಕೇಳುವುದಿಲ್ಲ. ಯಾರ ಮನೆಯೆಂದು ಹೇಳಲಿಲ್ಲ, ಕಾಲಿನ ಬಗ್ಗೆ ಮಾತ್ರ ಹೇಳಿದೆ.

"ಈ ಇಳಿಜಾರಲ್ಲಿ ಮನೆಗೊಬ್ಬರು ಅಂದ್ರೂ ಅನ್ನಬಹುದು" ಎಂದಳು ನರ್ಸ್. "ಕಣ್ಣಿಗೆ ಬೀಳಲ್ಲ ಅಷ್ಟೇ. ಮೇಲಿನ ಆಫೀಸಿನವರು ಹುಳದಿಂದ ಬರೋ ಆನೆಕಾಲು ಅಂತ ಮಾತ್ರೆ ಕಳಿಸ್ತಾರೆ. ನಾನು ರಕ್ತ ತೆಗೆದು ಕಳಿಸಿದ್ದೀನಿ, ಒಬ್ಬರಲ್ಲೂ ಹುಳ ಇಲ್ಲ. ಮತ್ತೂ ಮಾತ್ರೆನೇ ಬರತ್ತೆ. ಜನ ಇದನ್ನ ಬೆಟ್ಟದ ಶಾಪ ಅಂತಾರೆ. ಮಾತ್ರೆಗಿಂತ ಅದೇ ಪರವಾಗಿಲ್ಲ, ನುಂಗಬೇಕಾಗಿಲ್ಲ."

ರೂಮಿಗೆ ಬಂದು ಓದಿದೆ. ಕಣ್ಣೆದುರಿಗೇ ಇತ್ತು ಉತ್ತರ. ಪೊಡೊಕೊನಿಯೋಸಿಸ್. ಬೇರೆ ಬೇರೆ ದೇಶಗಳಲ್ಲಿ, ಎತ್ತರದ ಜಾಗದಲ್ಲಿ, ಜ್ವಾಲಾಮುಖಿಯ ಕಲ್ಲು ಸವೆದು ಕೆಂಪು ಮಣ್ಣಾದ ಕಡೆ. ಕಣ್ಣಿಗೆ ಕಾಣದಷ್ಟು ನುಣ್ಣನೆಯ ಖನಿಜದ ಕಣಗಳು ಬರಿಗಾಲಿನ ಚರ್ಮದಿಂದ ವರ್ಷಗಟ್ಟಲೆ ಒಳಗಿಳಿದು, ನೀರು ಸಾಗಿಸುವ ಸಣ್ಣ ನಾಳಗಳನ್ನು ಕೆಣಕಿ ಹಾಳು ಮಾಡುತ್ತವೆ. ನೀರು ಮೇಲೆ ಹೋಗದೆ ಕಾಲಲ್ಲೇ ನಿಲ್ಲುತ್ತದೆ. ಹುಳವಲ್ಲ, ಅಂಟುವುದೂ ಇಲ್ಲ. ಮದ್ದೆಂದರೆ ಸೋಪು, ನೀರು, ಎಣ್ಣೆ, ಪಟ್ಟಿ, ಬೂಟು.

ಐದು ತಿಂಗಳು ಇದೇ ಬೆಟ್ಟದ ಕೆಸರಿನಲ್ಲಿ ಜೀವದ ಗೋಡೆ ಹುಡುಕಿದೆ. ನನ್ನ ಮಂಚದಿಂದ ಒಂದು ಗೋಡೆಯಾಚೆ ಇದು ಇತ್ತು.

ಮಾರ್ಚ್ ೧೭

ಮನೆಯಾಕೆಗೆ ಚಿಲಕದ ವಿಷಯ ಗೊತ್ತಾಗಿದೆ. ಬಟ್ಟೆ ಒಣಹಾಕುತ್ತ, ನನ್ನ ಕಡೆ ನೋಡದೆ ಹೇಳಿದಳು.

"ಮೇಡಂ, ನೀವು ಬಾಡಿಗೆಗೆ ಇರೋರು. ಒಳಗಿನದು ಒಳಗೇ ಇರಲಿ. ಮಾತುಕತೆ ಇನ್ನೇನು ಕೂಡಿ ಬಂತು. ಈ ಮನೇಲಿ ಅಂಥ ಕಾಲಿದೆ ಅಂತ ಗಂಡಿನ ಕಡೆಯವರಿಗೆ ತಿಳಿದ್ರೆ ನನ್ನ ಮಗಳ ಗತಿ?"

"ಅದು ಅಂಟೋದಿಲ್ಲ."

"ನಿಮಗೆ ಗೊತ್ತು. ಅವರಿಗೆ?"

ಕೆಟ್ಟವಳಲ್ಲ. ಅತ್ತಿಗೆಗೆ ಊಟ ತಪ್ಪಿಸಿದವಳಲ್ಲ. ಚಿಲಕ ಹಾಕುವಾಗ ಅವಳ ಕೈ ನೋಡಿದ್ದೇನೆ, ಸದ್ದಾಗದ ಹಾಗೆ ಹಾಕುತ್ತಾಳೆ. ಕೊನೆಗೆ ಒಪ್ಪಂದವಾಯಿತು. ನಾನು ಹಿತ್ತಲಿನಿಂದ ಹೋಗಿ ಕಾಲು ತೊಳೆಯಬಹುದು. ಹೊರಗೆ ಒಂದು ಮಾತೂ ಹೋಗಬಾರದು.

ಏಪ್ರಿಲ್ ೨

ಬಹಳ ದಿನ ಬರೆಯಲಿಲ್ಲ. ಸಂಜೆಗಳು ಈಗ ಖಾಲಿ ಇಲ್ಲ.

ಬಕೆಟ್ಟಿನಲ್ಲಿ ನೀರು, ಸೋಪು, ಆಮೇಲೆ ಎರಡು ಹನಿ ಬ್ಲೀಚ್ ಹಾಕಿದ ನೀರಿನಲ್ಲಿ ನೆನೆಸುವುದು. ಬೆರಳ ಸಂದು ಒಂದೊಂದಾಗಿ ಒರೆಸಿ, ಎಣ್ಣೆ ಸವರಿ, ಪಟ್ಟಿ ಕಟ್ಟಿ, ಕಾಲನ್ನು ದಿಂಬಿನ ಮೇಲೆ ಎತ್ತಿಡುವುದು. ನರ್ಸ್ ಹೇಳಿಕೊಟ್ಟಳು. ಯಾರಿಗೆಂದು ಅವಳು ಕೇಳಲಿಲ್ಲ.

ಮೊದಲ ವಾರ ಅಕ್ಕ — ಅಕ್ಕ ಎಂದೇ ಕರೆಯುತ್ತಿದ್ದೇನೆ — ಕಣ್ಣು ಮುಚ್ಚಿ ಕೂರುತ್ತಿದ್ದರು. ಈಗ ಅವರೇ ಸೋಪು ಹಿಡಿಯುತ್ತಾರೆ. "ನನ್ನ ಕಾಲು ಅಂದ್ರೆ ಬೇರೆ ಯಾರದೋ ಮನೇಲಿ ಇಟ್ಟು ಬಂದ ಸಾಮಾನಿನ ಹಾಗಿತ್ತು" ಅಂದರು ಇವತ್ತು. ವಾಸನೆ ಹೋಗಿದೆ. ಈಗ ಆ ಕೋಣೆಯಲ್ಲಿ ವಾಸನೆ ಬರುವುದು ನನ್ನಿಂದ ಮಾತ್ರ. ಅದನ್ನೂ ಅವರೇ ಹೇಳಿದ್ದು.

ಅಣ್ಣ ಭಾನುವಾರ ಫೋನ್ ಮಾಡಿದ್ದ. ಎತ್ತಲಿಲ್ಲ.

ಏಪ್ರಿಲ್ ೧೧

ಪಟ್ಟಿ ಕಟ್ಟುವಾಗ ಅಕ್ಕ ಕೇಳಿದರು. "ದಿನಾ ಮೇಲೆ ಹೋಗಿ ಏನು ಹುಡುಕ್ತೀರಿ?"

ಹೇಳಿದೆ. ಜೀವ ಮೊದಲು ಎಲ್ಲಿ ಹುಟ್ಟಿತು ಅಂತ. ಇಂಥ ಬಿಸಿ ಹೊಂಡದಲ್ಲಿ ಹುಟ್ಟಿರಬಹುದು ಅಂತ. ಹುಲ್ಲು, ಹಕ್ಕಿ, ನಾವು, ಎಲ್ಲರ ಮೊದಲ ತಾಯಿ.

ಅಕ್ಕ ಪಟ್ಟಿಯ ತುದಿ ಹಿಡಿದುಕೊಂಡರು. "ಅಂದ್ರೆ ಜೀವ ಕೊಟ್ಟಿದ್ದೂ ಅದೇ ಬೆಟ್ಟ, ನನ್ನ ಕಾಲು ತಿಂದಿದ್ದೂ ಅದೇ ಬೆಟ್ಟ."

"ಅದೇ ಬೆಟ್ಟ ಅಲ್ಲ, ಅಂಥದ್ದು. ಆದ್ರೆ ಹೌದು, ಅದೇ ಬೆಂಕಿ, ಅದೇ ಕಲ್ಲು. ಹುಟ್ಟಿಗೂ ರೋಗಕ್ಕೂ."

"ಯಾಕೆ ಹಾಗೆ ಮಾಡತ್ತೆ?"

"ಯಾಕೆ ಅನ್ನೋದೇ ಇಲ್ಲ ಅಕ್ಕಾ. ಬೆಟ್ಟಕ್ಕೆ ನಾವಿರೋದೇ ಗೊತ್ತಿಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಒಂಟಿಯಾಗಿ ಇಷ್ಟು ವರ್ಷ ಬಿದ್ದಿದ್ದವರಿಗೆ ಹೇಳುವ ಮಾತೇ ಅದು? ಆದರೆ ಅಕ್ಕನ ಮುಖ ಸಡಿಲವಾಯಿತು.

"ಗೊತ್ತಿಲ್ವಾ? ಹಾಗಾದ್ರೆ ಒಳ್ಳೇದಾಯ್ತು. ನಾನು ಇಷ್ಟು ದಿನ, ನನ್ನ ಮೇಲೆ ಏನೋ ಕೋಪ ಇದೆ ಅಂದ್ಕೊಂಡಿದ್ದೆ. ಚಿಕ್ಕಂದಿನಿಂದ ಏನೇನು ಮಾಡಿದ್ದೆ ಅಂತ ಹುಡುಕಿ ಹುಡುಕಿ ಸಾಕಾಗಿತ್ತು."

ಜೀವದ ಹುಟ್ಟಿನ ಬಗ್ಗೆ ನಾನು ಬರೆದ ಯಾವ ಪ್ರಬಂಧದಿಂದಲೂ ಯಾರಿಗೂ ಇಂಥ ಉಪಯೋಗ ಆಗಿಲ್ಲ.

ಏಪ್ರಿಲ್ ೨೦

ಬಾವು ಕಣ್ಣಿಗೆ ಕಾಣುವಷ್ಟು ಇಳಿದಿದೆ. ಹಿಮ್ಮಡಿಯ ಆಕಾರ ತಿರುಗಿ ಬಂದಿದೆ. ಗಂಟುಗಳು ಹೋಗುವುದಿಲ್ಲ, ಹೇಳಿದ್ದೇನೆ. ಅದಕ್ಕೇನಂತೆ, ಅಂದರು.

ಅಕ್ಕನ ಕಾಲಿನ ಗುರುತು ಕಾಗದದ ಮೇಲೆ ಎಳೆದು ಬೂಟು ಹೊಲಿಯುವವನಿಗೆ ಕೊಟ್ಟೆ. ಕಾಗದ ನೋಡಿದ, ನನ್ನ ಕಾಲು ನೋಡಿದ. "ಯಾರಿಗೆ ಮೇಡಂ?"

"ನನಗೇ."

"ಎರಡೂ ಕಾಲು ಒಟ್ಟಿಗೆ ಒಂದರಲ್ಲೇ ಹಾಕ್ತೀರಾ?"

"ಚಳಿ ಜಾಸ್ತಿ ನನಗೆ."

ತಲೆ ಅಲ್ಲಾಡಿಸಿ ಕೆಲಸಕ್ಕೆ ಕೂತ. ಕೆಸರು ಮೇಡಂಗೆ ತಲೆ ಕೆಟ್ಟಿದೆ ಎಂದು ನಾಳೆ ಬೀದಿಗೆಲ್ಲ ಗೊತ್ತಾಗುತ್ತದೆ.

ಏಪ್ರಿಲ್ ೨೭, ಬೆಳಿಗ್ಗೆ

ಊರು ಏಳುವ ಮೊದಲು ಅಕ್ಕನನ್ನು ಮೇಲಕ್ಕೆ ಕರೆದೊಯ್ದೆ. ಬೂಟಿನಲ್ಲಿ ಮೊದಲ ನಡಿಗೆ. ದಾರಿಯಲ್ಲಿ ಎಷ್ಟೋ ಸಲ ಕೂತೆವು. ಕಲ್ಲು, ಪೊದೆ, ಕಂಬಿ ಬೇಲಿ, ಪ್ರತಿಯೊಂದನ್ನೂ ನಿಂತು ನೋಡಿದರು. ಯಾರದೋ ಜಮೀನಿನಲ್ಲಿ ಹೊಸ ಮನೆ ಎದ್ದದ್ದು ನೋಡಿ, "ಇಲ್ಲಿ ನಾವು ಆಡ್ತಿದ್ವಿ" ಅಂದರು.

ಹೊಂಡ ತೋರಿಸಿದೆ. ಬೂದು ಬಣ್ಣದ ನೀರು, ಗುಳುಗುಳು, ಅಂಚಿನಲ್ಲಿ ಹಳದಿ ಕೆನೆ.

"ಇಷ್ಟೇನಾ?"

"ಇಷ್ಟೇ."

"ಇದರಲ್ಲಿ ಹುಟ್ಟಿ ನಾವು ಇಷ್ಟು ಮೆರೀತೀವಾ" ಅಂದು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ನನಗೂ ನಗು ತಡೆಯಲಿಲ್ಲ. ಇಬ್ಬರು ಹೆಂಗಸರು, ಹೊಂಡದ ಅಂಚಿನಲ್ಲಿ, ಕಣ್ಣಲ್ಲಿ ನೀರು ಬರುವ ತನಕ. ಗಂಧಕ ಕಾರಣ ಎನ್ನಬಹುದು.

ಮೇ ೩

ಮೂರನೆಯ ಹೊಂಡದ ನೀರು ಕೆಳಗಿಳಿದಿದೆ. ಶಾಖ ಏರಿದೆ, ಇಷ್ಟು ದಿನ ಕಂಡಿರದಷ್ಟು. ಅಂಚಿನ ಪದರಗಳೆಲ್ಲ ಸುಟ್ಟು ಬಿಳಿಚಿಕೊಂಡಿವೆ. ಬೆಟ್ಟದ ನಡುಕ ಅಳೆಯುವ ಕೇಂದ್ರಕ್ಕೆ ಫೋನ್ ಮಾಡಿದೆ. ಅಲ್ಲಿಯ ಇಂಜಿನಿಯರ್ ಎಂದೂ ಎರಡು ಮಾತಿಗಿಂತ ಹೆಚ್ಚು ಆಡಿದವನಲ್ಲ. ಇವತ್ತು ಪೂರ್ತಿ ಕೇಳಿಸಿಕೊಂಡ. "ನಮಗೂ ಸಣ್ಣ ಸಣ್ಣ ನಡುಕ ಸಿಕ್ತಿದೆ. ನೀವು ಇನ್ನು ಬೆಟ್ಟ ಹತ್ಬೇಡಿ" ಅಂದ.

ಪ್ರೊಫೆಸರಿಗೆ ಹೇಳಿದರೆ, "ಸ್ಯಾಂಪಲ್ ಎಲ್ಲ ಕೆಳಗೆ ತಂದಿದ್ದೀರಿ ತಾನೆ?" ಎಂದರು.

ಮೇ ೫

ಬೆಳಿಗ್ಗೆ ಪಾತ್ರೆಗಳು ತಾವೇ ಗಲಗಲ ಅಂದವು. ಹತ್ತು ಗಂಟೆಗೆ ಧ್ವನಿವರ್ಧಕದ ಜೀಪು ಬಂತು. ಇಳಿಜಾರಿನ ಎಲ್ಲ ಮನೆ ಖಾಲಿ ಮಾಡಬೇಕು. ಕೆಳಗಿನ ಶಾಲೆಯ ಹಾಲ್‌ನಲ್ಲಿ ವ್ಯವಸ್ಥೆ.

ಮನೆಯಾಕೆ ಗಂಟು ಕಟ್ಟಿದಳು. ಗಂಡ ಲಾರಿ ತಂದಿದ್ದ. ಅಕ್ಕ ಮಾತ್ರ ಕೋಣೆಯ ಮೂಲೆಯಲ್ಲಿ ಕೂತು ಏಳಲೊಲ್ಲರು.

"ನೀವು ಹೋಗಿ. ನಾನು ಇಲ್ಲೇ ಇರ್ತೀನಿ. ಅಲ್ಲಿ ಊರೆಲ್ಲ ಇರತ್ತೆ. ಗಂಡಿನ ಕಡೆಯವರೂ ಇರ್ತಾರೆ."

ಅಕ್ಕನ ತಮ್ಮ ಬಾಗಿಲಲ್ಲಿ ನಿಂತಿದ್ದ. ಇಷ್ಟು ದೊಡ್ಡ ಆಳು, ಲಾರಿಯ ಕೀಲಿಯನ್ನೇ ತಿರುಗಿಸುತ್ತಿದ್ದ. ಮನೆಯಾಕೆ ಸೆರಗು ಹಿಂಡುತ್ತಿದ್ದಳು. ಅವಳು "ಬನ್ನಿ" ಅನ್ನಲಿಲ್ಲ. "ಇರಿ" ಎಂದೂ ಅನ್ನಲಿಲ್ಲ.

ನಾನು ಬೂಟು ತಂದು ಅಕ್ಕನ ಮುಂದೆ ಇಟ್ಟೆ. "ನೀವು ಇರೋದಾದ್ರೆ ನಾನೂ ಇರ್ತೀನಿ. ನನಗೆ ಕೆಳಗೆ ಯಾರೂ ಕಾಯ್ತಿಲ್ಲ." ಹೆದರಿಸಲು ಹೇಳಿದ್ದಲ್ಲ. ಹೇಳುತ್ತಿರುವಾಗಲೇ ಅದು ನಿಜವೆಂದು ಗೊತ್ತಾಯಿತು.

ನನ್ನ ಮುಖ ನೋಡಿದರು. ಬೂಟಿಗೆ ಕಾಲು ಹಾಕಿದರು.

ಮೇ ೬

ಹಾಲ್‌ನಲ್ಲಿ ಬೆಂಚುಗಳನ್ನು ಗೋಡೆಗೆ ಒತ್ತಿ ನೆಲಕ್ಕೆ ಚಾಪೆ ಹಾಕಿದ್ದಾರೆ. ಹೊರಗೆ ಬೂದಿ ಬೀಳುತ್ತಿದೆ, ಹಿಟ್ಟಿನಂತೆ. ಎಲ್ಲರ ಬಾಯಿಗೂ ಬಟ್ಟೆ.

ಅಕ್ಕ ಬೂಟು ಬಿಚ್ಚಲೇ ಬೇಕಾಯಿತು, ಪಟ್ಟಿ ಬದಲಿಸಬೇಕಿತ್ತು. ಅಡ್ಡ ಕೂತೆ. ಆದರೂ ಕಂಡಿತು. ಮೊದಲು ಒಂದು ಚಾಪೆ ಸರಿಯಿತು, ಆಮೇಲೆ ಇನ್ನೊಂದು. ಕಾಲು ಗಂಟೆಯಲ್ಲಿ ನಮ್ಮಿಬ್ಬರ ಸುತ್ತ ಬರೀ ನೆಲ. ಅಷ್ಟು ಜನ ಇಕ್ಕಟ್ಟಿನಲ್ಲಿದ್ದ ಹಾಲ್‌ನಲ್ಲಿ ನಮಗೆ ಮಾತ್ರ ಅಂಗಳದಷ್ಟು ಜಾಗ.

ಗಂಡಿನ ತಾಯಿ ಎದ್ದು ಬಂದರು. ದಪ್ಪ ಕನ್ನಡಕದ, ನೇರ ಮಾತಿನ ಹೆಂಗಸು. ಮನೆಯಾಕೆಯನ್ನು ಕೇಳಿದರು, "ಇವರು ನಿಮ್ಮವರಾ? ನಿಮ್ಮ ಲಾರಿಯಿಂದ ಇಳಿದಿದ್ದು ನೋಡ್ದೆ."

ಮನೆಯಾಕೆ ಮಗಳ ಕಡೆ ನೋಡಿದಳು. "ಇಲ್ಲಪ್ಪ. ಮೇಡಂ ಕಡೆಯವರು."

ಕನ್ನಡಕ ನನ್ನ ಕಡೆ ತಿರುಗಿತು.

"ಹೌದು" ಅಂದೆ. "ನನ್ನ ಅಕ್ಕ."

ಅಕ್ಕ ಗೋಡೆಯ ಕಡೆ ಮಗ್ಗುಲಾದರು. ಸಂಜೆಯವರೆಗೆ ತಿರುಗಲಿಲ್ಲ.

ಮೇ ೭, ಬೆಳಿಗ್ಗೆ

ಅಕ್ಕ ಎದ್ದು ಕೂತು ಬಹಳ ಮೆಲ್ಲಗೆ ಹೇಳಿದರು. "ನಿನ್ನೆ ನೀನು ಹಾಗಂದಾಗ ನನಗೆ ಸಂತೋಷ ಆಯ್ತು ತಂಗೀ. ತಮ್ಮನ ಹೆಂಡತಿ ಇಲ್ಲ ಅಂದದ್ದಕ್ಕೆ ಆದ ಸಂಕಟಕ್ಕಿಂತ ಹೆಚ್ಚು ಸಂತೋಷ ಆಯ್ತು. ಅದಕ್ಕೇ ನಿದ್ದೆ ಬರ್ಲಿಲ್ಲ."

ಮೊದಲ ಸಲ 'ನೀನು' ಅಂದದ್ದು.

"ಆದ್ರೆ ಸುಳ್ಳಿನಲ್ಲಿ ಮಲಗೋಕೆ ಆಗಲ್ಲ. ಕೋಣೇಲಿ ಮಲಗಿದ್ದೆ, ಅದು ಬೇರೆ. ಅಲ್ಲಿ ಯಾರೂ ಕೇಳಿರ್ಲಿಲ್ಲ. ಇಲ್ಲಿ ಕೇಳಿದ್ರು."

ಬೂಟು ಹಾಕಿಕೊಂಡರು. ಎದ್ದರು. ಹಾಲ್ ದಾಟಿ ಗಂಡಿನ ತಾಯಿಯ ಚಾಪೆಯವರೆಗೆ ಒಬ್ಬರೇ ನಡೆದರು. ನಾನು ಹಿಂದೆಯೇ ಓಡಿದೆ.

"ನಾನು ಈ ಹುಡುಗಿಯ ಸೋದರತ್ತೆ. ಇವಳ ಅಪ್ಪನ ಒಡಹುಟ್ಟಿದವಳು. ನನ್ನ ಕಾಲಿಗೆ ಹೆದರಿ ಇವರು ಸುಳ್ಳು ಹೇಳಿದ್ರು. ತಪ್ಪು ಅವರದ್ದಲ್ಲ, ಹೆದರಿಕೆಯದ್ದು. ಏನು ಕೇಳಬೇಕೋ ನನ್ನನ್ನ ಕೇಳಿ. ರೋಗದ ವಿಷಯ ಇವಳನ್ನ ಕೇಳಿ."

ಹಾಲ್‌ನಲ್ಲಿ ನರ್ಸ್ ನೀರಿನ ಡ್ರಮ್ಮಿನ ಹತ್ತಿರ ನಿಂತು ನೋಡುತ್ತಿದ್ದಳು. ನಾನು ಹೇಳಿದೆ. ಮಣ್ಣಿನ ವಿಷಯ, ಬರಿಗಾಲಿನ ವಿಷಯ, ಅಂಟುವುದಿಲ್ಲ ಅನ್ನುವುದು.

ಗಂಡಿನ ತಾಯಿ ಪೂರ್ತಿ ಕೇಳಿದರು. ಆಮೇಲೆ, "ಅದೆಲ್ಲ ಸರಿ. ಇದು ರಕ್ತದಲ್ಲಿ ಬರತ್ತಾ ಇಲ್ವಾ? ನನಗೆ ಮೊಮ್ಮಕ್ಕಳಾಗ್ಬೇಕು. ನೇರವಾಗಿ ಹೇಳಿ."

ಮನೆಯಾಕೆ ನನ್ನನ್ನೇ ನೋಡುತ್ತಿದ್ದಳು. 'ಇಲ್ಲ' ಎಂಬ ಒಂದು ಮಾತು ಸಾಕಿತ್ತು. ನಿನ್ನೆ ಅಕ್ಕನಿಗಾಗಿ ಸುಳ್ಳು ಹೇಳಿದವಳು ನಾನೇ. ಆದರೆ ಈಗ ಅಕ್ಕ ಪಕ್ಕದಲ್ಲಿ ನಿಂತಿದ್ದರು.

"ರೋಗ ಬರಲ್ಲ" ಅಂದೆ. "ಆದ್ರೆ ಈ ಮಣ್ಣನ್ನ ತಡೆಯೋ ಶಕ್ತಿ ಕೆಲವು ಮನೆತನಗಳಲ್ಲಿ ಕಡಿಮೆ ಇರತ್ತೆ. ಅದು ಬರಬಹುದು. ಕಾಲಿಗೆ ಮಣ್ಣು ತಾಗದಿದ್ರೆ ಏನೂ ಆಗಲ್ಲ. ಮಗುವಿಗೆ ಚಿಕ್ಕಂದಿನಿಂದ ಬೂಟು ಹಾಕಿ, ದಿನಾ ಕಾಲು ತೊಳೆದ್ರೆ ಸಾಕು."

"ಅಂದ್ರೆ ಬರಬಹುದು."

"ಮಣ್ಣು ತಾಗಿದ್ರೆ ಬರಬಹುದು."

ಕನ್ನಡಕ ತೆಗೆದು ಒರೆಸಿದರು. "ನಿಜ ಹೇಳಿದ್ದಕ್ಕೆ ಸಂತೋಷ" ಅಂದರು. ಅಷ್ಟೇ. ಮನೆಯಾಕೆ ಮುಖಕ್ಕೆ ಸೆರಗು ಮುಚ್ಚಿಕೊಂಡಳು.

ಮೇ ೮

ಬೂದಿ ನಿಂತಿದೆ. ಇಂಜಿನಿಯರ್ ಬಂದು, ಬೆಟ್ಟ ಕೆಮ್ಮಿ ಮಲಗಿದೆ, ದೊಡ್ಡದೇನೂ ಆಗಲಿಕ್ಕಿಲ್ಲ ಎಂದ.

ಮನೆಯಾಕೆಯ ಮಗಳು ನೀರಿನ ಡ್ರಮ್ಮಿನ ಹತ್ತಿರ ನನ್ನನ್ನು ತಡೆದು ನಿಲ್ಲಿಸಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಚಪ್ಪಲಿಯಿಂದ ಎಡಗಾಲು ತೆಗೆದು ತೋರಿಸಿದಳು.

"ಇಲ್ಲಿ ಉರಿಯತ್ತೆ. ಬೆರಳ ಹತ್ತಿರ. ಹೊಲದಿಂದ ಬಂದ ದಿನ ಊದ್ಕೊಳ್ಳತ್ತೆ, ಬೆಳಿಗ್ಗೆ ಇಳಿಯತ್ತೆ. ಅಮ್ಮನಿಗೆ ಹೇಳಿಲ್ಲ. ಅತ್ತೆಗೂ ಹೀಗೇ ಶುರುವಾಗಿದ್ದಾ?"

ಮುಟ್ಟಿ ನೋಡಿದೆ. ಚರ್ಮ ಇನ್ನೂ ಮೆತ್ತಗಿದೆ. ನರ್ಸ್ ಕೂಡ ನೋಡಿದಳು. ಹೊತ್ತು ಮೀರಿಲ್ಲ. ಈಗಿನಿಂದ ಬೂಟು ಹಾಕಿ ತೊಳೆದರೆ ಇಲ್ಲಿಗೇ ನಿಲ್ಲುತ್ತದೆ, ಹಿಂದಕ್ಕೂ ಹೋಗುತ್ತದೆ.

"ನಿನ್ನೆ ಇದೆಲ್ಲ ಹೊರಗೆ ಬರದೆ ಮದುವೆ ಆಗಿ ಆ ಮನೆಗೆ ಹೋಗಿದ್ರೆ ಅಲ್ಲೂ ಮುಚ್ಚಿಡ್ತಿದ್ದೆ" ಅಂದಳು. ಅಳಲಿಲ್ಲ. ಸೋದರತ್ತೆಯ ಚಾಪೆಗೆ ಹೋಗಿ ಪಕ್ಕದಲ್ಲಿ ಕೂತಳು. ಅವರ ನಡುವೆ ಏನು ಮಾತಾಯಿತೋ. ನಾನು ದೂರದಲ್ಲೇ ಉಳಿದೆ. ಅದು ಅವರ ಮನೆಯ ಮಾತು.

ಮೇ ೧೫

ಮನೆಗೆ ಮರಳಿದ್ದೇವೆ. ಮೇಲೆ ಹೋಗಲು ಅನುಮತಿ ಸಿಕ್ಕಿತು. ಮೂರನೆಯ ಹೊಂಡ ಇಲ್ಲ. ಆ ಜಾಗದಲ್ಲಿ ಬೂದಿ ತುಂಬಿದ ಗುಂಡಿ, ಒಂದು ಕಡೆ ಬಿರುಕಿನಿಂದ ಹಬೆ. ನೀರು ಬೇರೆ ದಾರಿ ಹಿಡಿದಿದೆ. ಎಷ್ಟೋ ಹೊತ್ತು ನಿಂತಿದ್ದೆ. ಮೊದಲು ಹುಟ್ಟಿದ ಜೀವ ಕೂಡ ಹೀಗೇ ಎಷ್ಟು ಸಲ ಅಳಿಸಿಹೋಗಿರಬೇಕು. ಯಾರೂ ನೋಡಲು ಇರಲಿಲ್ಲ ಆಗ.

ಪ್ರೊಫೆಸರ್ ಮೊದಲ ಸಲ ಬೇಸರದ ದನಿಯಲ್ಲಿ ಮಾತಾಡಿದರು. ಹೊಂಡಕ್ಕಾಗಿ. ಜೂನ್ ಮೊದಲಲ್ಲಿ ವಾಪಸ್ ಬನ್ನಿ ಅಂದರು. ಈ ಮಣ್ಣಿನ, ಕಾಲಿನ ರೋಗದ ಕೆಲಸ ಇಲ್ಲೇ ಮುಂದುವರಿಸಬಹುದೇ ಎಂದು ಕೇಳಿದೆ. "ಕಾಲು ನಮ್ಮ ವಿಷಯ ಅಲ್ಲವಲ್ಲ" ಅಂದರು.

ಮೇ ೧೯

ಗಂಡಿನ ಕಡೆಯಿಂದ ಮಾತು ಬಂತು. ಬೇಡ ಎಂದು. ಮರ್ಯಾದೆಯಿಂದಲೇ ಹೇಳಿ ಕಳಿಸಿದ್ದಾರೆ.

ಮನೆಯಾಕೆ ನನ್ನ ಬಾಗಿಲಿಗೆ ಬಂದಳು. "ಒಂದು ಮಾತು ಮೇಡಂ. ಇಲ್ಲ ಅಂತ ಒಂದೇ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಮಗಳ ಕಾಲಿನ ವಿಷಯ ಹೇಳಬಹುದಿತ್ತು. ಅವಳೇ ಹೇಳಲಿ ಎಂದು ಬಿಟ್ಟೆ.

"ರೂಮು ಖಾಲಿ ಮಾಡಿಕೊಡಿ" ಅಂದಳು. ಒಂದು ಕ್ಷಣ ನಿಂತು, "ಊಟ ಮಾಡಿದ್ರಾ?" ಎಂದೂ ಕೇಳಿದಳು. ಇಲ್ಲವೆಂದೆ. ಹೊರಟುಹೋದಳು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲಲ್ಲಿ ಬೇಯಿಸಿದ ಆಲೂಗಡ್ಡೆ, ಎರಡು ಮೊಟ್ಟೆ ಇತ್ತು.

ಮೇ ೨೪, ಭಾನುವಾರ

ಕ್ಲಿನಿಕ್ಕಿನ ಹಿಂಬದಿ ಕೋಣೆಯಲ್ಲಿದ್ದೇನೆ, ಹೊರಡುವವರೆಗೆ. ನರ್ಸ್ ಬಿಟ್ಟುಕೊಟ್ಟಳು. ಅಕ್ಕ ದಿನವೂ ಬೆಳಿಗ್ಗೆ ನಡೆದು ಬರುತ್ತಾರೆ, ಹಾಡುಹಗಲೇ. ಮೊನ್ನೆ ಮೊದಲ ಬಾರಿಗೆ ಒಬ್ಬ ಮುದುಕ ಬಂದ, ಕಾಲಿಗೆ ಗೋಣಿಚೀಲ ಸುತ್ತಿಕೊಂಡು. ನಾಚಿಕೆಯಿಂದ ಬಿಚ್ಚಲೊಲ್ಲ. ಅಕ್ಕ ತಮ್ಮ ಬೂಟು ಕಳಚಿ ಕಾಲು ಅವನ ಮುಂದೆ ಚಾಚಿದರು. "ನೋಡು. ನಿನ್ನದು ಇದಕ್ಕಿಂತ ಚೆನ್ನಾಗಿದ್ಯಾ?" ಮುದುಕ ನೋಡಿ, ತುಸು ಹೊತ್ತು ಯೋಚಿಸಿ, "ನನ್ನದೇ ಪರವಾಗಿಲ್ಲ" ಅಂದ. ಬಿಚ್ಚಿದ.

ಇವತ್ತು ಅವನು ಇನ್ನಿಬ್ಬರನ್ನು ಕರೆತಂದಿದ್ದ. ತಮ್ಮನ ಮಗಳು ನೀರು ಹೊರುತ್ತಾಳೆ, ಬೂಟು ಹಾಕಿಕೊಂಡು. ಅವಳಮ್ಮ ತಡೆದಿಲ್ಲವಂತೆ. ಮಗಳು ಕಾಲು ತೋರಿಸಿದಳಂತೆ ಕೊನೆಗೆ.

ಅಣ್ಣನ ಫೋನ್ ಎತ್ತಿದೆ. ಯಾವತ್ತು ಬರ್ತೀಯ, ಕೋಣೆ ಗುಡಿಸಿಡಬೇಕಲ್ಲ, ಎಂದ. ಅಲ್ಲಿಯ ಆ ಕೋಣೆ ನೆನಪಾಯಿತು. ಕಿಟಕಿಯಿಂದ ಎದುರು ಮನೆಯ ಗೋಡೆ ಮಾತ್ರ ಕಾಣುತ್ತದೆ.

ಮೇ ೩೧

ಪೆಟ್ಟಿಗೆ ಕಟ್ಟಿದೆ. ಸೀಸೆಗಳನ್ನು ಮೊದಲೇ ಕಳಿಸಿಯಾಗಿದೆ. ಅಕ್ಕನಿಗೆ ನಾಳೆ ಬಸ್ಸೆಂದು ಹೇಳಿದೆ. "ಹೌದಾ" ಅಂದರು. ಮುದುಕನ ಬೆರಳ ಸಂದು ಒರೆಸುವುದನ್ನು ನಿಲ್ಲಿಸಲಿಲ್ಲ. ಇರು ಎನ್ನಲಿ ಎಂದು ಕಾದೆ. ಯಾಕೆ ಅನ್ನಬೇಕು? ಅವರಿಗೆ ಈಗ ಇಷ್ಟು ಜನ. ಕೋಣೆಯಿಂದ ಹೊರಗೆ ಬಂದವರು ಅವರು. ನಾನು ಹೊಸದಾಗಿ ಒಂದು ಕೋಣೆ ಸೇರುತ್ತಿದ್ದೇನೆ.

ಜೂನ್ ೧, ಬಸ್‌ಸ್ಟಾಪಿನ ಬೆಂಚು

ಬಸ್ಸು ತಡ. ಅಂಗಡಿಯವನು ಇವತ್ತು ಮೂಗು ಮುಚ್ಚಿಕೊಳ್ಳಲಿಲ್ಲ. "ಮೇಡಂ, ವಾಸನೇನೇ ಇಲ್ಲ, ನೀವೇನಾ?" ಅಂದ. ಚಹಾ ಕೊಟ್ಟ. ಹೊಂಡಕ್ಕೆ ಹೋಗದೆ ಎಷ್ಟು ದಿನವಾಯಿತು ನಿಜಕ್ಕೂ.

ಅಕ್ಕ ಬಂದಿದ್ದಾರೆ. ಬಿಸಿಲಲ್ಲಿ, ನಡು ರಸ್ತೆಯಲ್ಲಿ. ಬೀಳ್ಕೊಡಲು ಬಂದವರಂತೆ ಪಕ್ಕದಲ್ಲಿ ಕೂತರು. ಬೂಟಿನ ಧೂಳು ಒರೆಸಿಕೊಂಡು ಕೇಳಿದರು, "ಅಲ್ಲಿ ಹೋಗಿ ಏನು ಹುಡುಕ್ತೀಯ?"

"ಹೊಸ ಹೊಂಡ. ಎಲ್ಲಾದ್ರೂ."

"ಹುಡುಕೋಕೆ ಅಲ್ಲಿ ಬೇರೆ ಜನ ಇಲ್ವಾ?"

"ಇದ್ದಾರೆ."

"ಹಾಂ" ಅಂದರು. ನನ್ನ ಪೆಟ್ಟಿಗೆಯನ್ನು ಒಮ್ಮೆ ಎತ್ತಿ ತೂಕ ನೋಡಿದರು, ಕೆಳಗಿಟ್ಟರು. ಬಸ್ಸಿಗೆ ಏರಿಸಿಕೊಡುವ ಆಲೋಚನೆ ಇರಬೇಕು ಎಂದುಕೊಂಡು ಬರೆಯಲು ಕೂತೆ. ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸುತ್ತಿದೆ.

ಅಕ್ಕ ಎದ್ದರು. ಪೆಟ್ಟಿಗೆ ಅವರ ಕೈಯಲ್ಲಿದೆ. ಆದರೆ ಹೊರಟದ್ದು ಬಸ್ಸಿನ ಕಡೆಗಲ್ಲ, ಕ್ಲಿನಿಕ್ಕಿನ ಕಡೆಗೆ. ಕೂಗಿದೆ. ತಿರುಗಿ ನೋಡುತ್ತಿಲ್ಲ. ಎಷ್ಟು ಬಿರುಸಾಗಿ ನಡೆಯುತ್ತಾರೆ ಈಗ, ಆ ಕಾಲಿನಲ್ಲಿ, ಅಷ್ಟು ಭಾರ ಹೊತ್ತು — ಕಂಡಕ್ಟರ್ ಕರೆಯುತ್ತಿದ್ದಾನೆ, ಬ್ಯಾಗು ಎಲ್ಲಿ ಮೇಡಂ ಅಂತ — ಅಕ್ಕ ಆಗಲೇ ಕ್ಲಿನಿಕ್ಕಿನ ನಲ್ಲಿಯ ಹತ್ತಿರ, ಈಗ ಅವರ ಹಿಂದೆ ಓಡದಿದ್ದರೆ